ಎಡಗಡೆಯ ಅಪೆಂಡಿಕ್ಸ್

ಅಕ್ಕನಿಗೆ ಸೀನು ಬಂದರೆ ಅಮ್ಮನಿಗೆ ಜ್ವರ ಬರುತ್ತದೆ ಎಂದು ಮಾವ ನಗುತ್ತಿದ್ದ. ಅದು ಅರ್ಧ ತಮಾಷೆ, ಅರ್ಧ ನಿಜ. ಅಕ್ಕನ ಹಣೆ ತುಸು ಬಿಸಿಯಾದರೆ ಸಾಕು, ಅಮ್ಮ ಒಲೆಯ ಮೇಲಿನ ಹಾಲನ್ನೂ ಮರೆತು ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದಳು. ನನಗೆ ಎಷ್ಟೇ ಕೆಮ್ಮು ಬಂದರೂ ಬಿಸಿನೀರು ಕುಡಿ ಎಂದಷ್ಟೇ. ಹೊಟ್ಟೆಕಿಚ್ಚಿನಿಂದ ನಾನು ಥರ್ಮಾಮೀಟರನ್ನು ಬಿಸಿ ಲೋಟಕ್ಕೆ ಒತ್ತಿ ಹಿಡಿದದ್ದೂ ಉಂಟು.

ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆದಾಗ ಅವಳಿಗೆ ಹದಿಮೂರು, ನನಗೆ ಹತ್ತು. ಅಪ್ಪನ ಸೈಕಲ್ಲನ್ನು ಕದ್ದು ತಂದು, ಅವಳನ್ನು ಹಿಂದೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಶಾಲೆಯ ಹಿಂದಿನ ಇಳಿಜಾರಿನಲ್ಲಿ ಬಿಟ್ಟಿದ್ದೆ. ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ನಾನು ಹುಲ್ಲಿನ ಮೇಲೆ ಬಿದ್ದೆ. ಅವಳು ಚರಂಡಿಯ ಅಂಚಿನ ಕಲ್ಲಿನ ಮೇಲೆ ಬಿದ್ದಳು, ಎಡ ಪಕ್ಕೆ ಕೆಳಗಾಗಿ. ಆ ಸಂಜೆ ಆಸ್ಪತ್ರೆಯ ಮೂಲೆಯಲ್ಲಿ ನಿಂತು ಅಳುತ್ತಿದ್ದ ನನ್ನನ್ನು ಅಮ್ಮ ಹತ್ತಿರ ಕರೆದಳು.

"ನೀನು ಬೀಳಿಸಿದ್ದಕ್ಕಲ್ಲ ಕಣೋ. ಅವಳಿಗೆ ಮೊದಲೇ ಅಪೆಂಡಿಕ್ಸ್ ಇತ್ತು. ಬಿದ್ದಿದ್ದೇ ಒಳ್ಳೇದಾಯ್ತು, ಬೇಗ ಗೊತ್ತಾಯ್ತು."

ಹೀಗೆ ನಾನು ಒಂದೇ ಮಾತಿಗೆ ತಪ್ಪಿತಸ್ಥನಿಂದ ಉಪಕಾರಿಯಾದೆ. ಮನೆಯವರೆಲ್ಲ ಆ ಮಾತನ್ನು ಹಿಡಿದುಕೊಂಡರು. ಮಾವನಂತೂ ಅವಳಿಗೆ 'ಅಪೆಂಡಿಕ್ಸ್ ಅಮ್ಮಣ್ಣಿ' ಎಂದೇ ಹೆಸರಿಟ್ಟ.

ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಹೊಟ್ಟೆಯ ಚಿತ್ರ ಬರೆದು, ಅಪೆಂಡಿಕ್ಸ್ ಇರುವುದು ಬಲಗಡೆ ಎಂದರು. ಅಕ್ಕನ ಗಾಯದ ಗುರುತು ಇದ್ದದ್ದು ಎಡಗಡೆ. ಮನೆಗೆ ಬಂದು ನಾನು ಏನನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಎಲ್ಲಿಗೆ ಬಂದು ನಿಲ್ಲುತ್ತದೆಂದು ಗೊತ್ತಿತ್ತು.

ಅಮ್ಮ ತೀರಿಕೊಂಡ ಮೇಲೆ ಅವಳ ಟ್ರಂಕಿನ ತಳದಲ್ಲಿ ಆ ಆಪರೇಷನ್ನಿನ ಚೀಟಿ ಸಿಕ್ಕಿತು. ಸ್ಪ್ಲೀನ್ ಒಡೆದಿತ್ತು, ತೆಗೆಯಲಾಗಿದೆ ಎಂದಿತ್ತು. ನಿಘಂಟು ತೆಗೆದು ನೋಡಿದೆ: ಗುಲ್ಮ. ಆ ಪದಕ್ಕೆ ಪೊದೆ ಎಂಬ ಅರ್ಥವೂ ಇದೆ, ಸೈನ್ಯದ ತುಕಡಿ ಎಂಬ ಅರ್ಥವೂ ಇದೆ. ನಾನು ಪದದ ಚೆಂದದಲ್ಲೇ ನಿಂತುಬಿಟ್ಟೆ. ಚೀಟಿಯ ಕೊನೆಗೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು ಎಂಬ ಸಾಲಿನ ಕೆಳಗೆ ಅಮ್ಮ ಎರಡು ಗೆರೆ ಎಳೆದಿದ್ದಳು. ಆಪರೇಷನ್ ಆದ ಹೊಸತರ ಸೂಚನೆ ಎಂದುಕೊಂಡು ಮಡಚಿಟ್ಟೆ. ಚೀಟಿ ಸಿಕ್ಕಿದ್ದನ್ನು ಅಕ್ಕನಿಗೂ ಹೇಳಲಿಲ್ಲ. ನಾನು ನೊಂದುಕೊಳ್ಳಬಾರದೆಂದು ಅವಳು ಇಷ್ಟು ವರ್ಷ ಸುಮ್ಮನಿದ್ದಳು. ಆ ಸುಮ್ಮನಿರುವುದನ್ನು ಕೆಡಿಸಬಾರದೆಂದು ನಾನೂ ಸುಮ್ಮನಿದ್ದೆ.

ಅಪ್ಪ ಬಿಟ್ಟುಹೋದ ಪುಸ್ತಕ ಬೈಂಡಿಂಗ್ ಅಂಗಡಿಯನ್ನು ನಾವಿಬ್ಬರೇ ನಡೆಸುತ್ತೇವೆ. ಹೊಲಿಗೆ ಅವಳದು, ಅಂಟು ಹಚ್ಚುವುದು, ಅಂಚು ಕತ್ತರಿಸುವುದು ನನ್ನದು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅವಳ ಕೈಯಲ್ಲಿದ್ದ ಹಾಳೆಗಳು ಅಲುಗುವುದು ಕಂಡಿತು.

"ಅಕ್ಕಾ, ನಡುಗ್ತಿದೀಯಲ್ಲ."

"ಚಳಿ ಕಣೋ. ಮೈಯೆಲ್ಲ ನೋವು."

"ಮನೆಗೆ ಹೋಗಿ ಮಲಗು."

"ನಾನು ಮಲಗಿದ್ರೆ ಈ ಪುಸ್ತಕಗಳನ್ನ ನಿನ್ನ ಡಿಗ್ರಿ ಬಂದು ಹೊಲಿಯುತ್ತಾ?"

ಜ್ವರದ ಮಾತ್ರೆಯೊಂದನ್ನು ಕೊಟ್ಟು ನಾನು ಕೆಲಸಕ್ಕೆ ಮರಳಿದೆ. ಮಧ್ಯಾಹ್ನ ಅವಳು ಸೂಜಿಯನ್ನು ತಲೆಕೆಳಗಾಗಿ ಹಿಡಿದು ಬಾಗಿಲನ್ನೇ ನೋಡುತ್ತಿದ್ದಳು.

"ಅಮ್ಮ ಬಂದ್ಲಾ?" ಎಂದಳು.

ಅಮ್ಮ ಹೋಗಿ ಒಂಬತ್ತು ವರ್ಷವಾಗಿತ್ತು. ಅಕ್ಕನ ಮುಂಗೈ ಮೇಲೆ ನೇರಳೆ ಚುಕ್ಕಿಗಳಿದ್ದವು. ಶಾಯಿ ಎಂದುಕೊಂಡು ಉಜ್ಜಿದೆ, ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬಳು ಓಡೋಡಿ ಬಂದು ಕೇಳಿದಳು, "ಹಿಂದೆ ಏನಾದ್ರೂ ಆಪರೇಷನ್ ಆಗಿತ್ತಾ?"

"ಅಪೆಂಡಿಕ್ಸ್."

ಹೇಳಿದ್ದು ನಾನಲ್ಲ, ನಲವತ್ತು ವರ್ಷ ಅದೊಂದನ್ನೇ ಹೇಳಿ ಪಳಗಿದ್ದ ನಾಲಿಗೆ. ಅವಳು ಬರೆದುಕೊಂಡು ಪರದೆಯ ಹಿಂದೆ ಹೋದಳು. ನಾನು ಬೆಂಚಿನ ಮೇಲೆ ಕುಳಿತೆ. ಅಮ್ಮ ಇದ್ದಿದ್ದರೆ ಬೆಳಿಗ್ಗೆಯೇ ಇಲ್ಲಿರುತ್ತಿದ್ದಳು ಎನಿಸಿತು. ಹಿಂದೆಯೇ ಇನ್ನೊಂದು ಯೋಚನೆ ಬಂತು: ಚೀಟಿಯ ಆ ಸಾಲು ಬರೀ ಹೊಸತರ ಸೂಚನೆಯಾಗಿದ್ದರೆ ಅಮ್ಮ ಸಾಯುವ ತನಕ ಪ್ರತಿ ಜ್ವರಕ್ಕೂ ಏಕೆ ಓಡಿದಳು?

ಪರದೆ ಸರಿಸಿ ಒಳಗೆ ನುಗ್ಗಿದೆ. "ಡಾಕ್ಟ್ರೇ, ಅಪೆಂಡಿಕ್ಸ್ ಅಲ್ಲ. ಗುಲ್ಮ... ಸ್ಪ್ಲೀನ್. ಅವಳಿಗೆ ಸ್ಪ್ಲೀನ್ ಇಲ್ಲ. ಚಿಕ್ಕವಳಿದ್ದಾಗಲೇ ತೆಗೆದಿದಾರೆ."

"ಅಯ್ಯೋ, ಅದನ್ನ ಮೊದಲೇ ಹೇಳೋದಲ್ವಾ!" ಎಂದವಳೇ ನರ್ಸಿನ ಕಡೆ ತಿರುಗಿದಳು. ರಕ್ತದ ವರದಿ ಬರುವವರೆಗೂ ಕಾಯಲಿಲ್ಲ. ಆ ಕ್ಷಣವೇ ಅಕ್ಕನ ನರಕ್ಕೆ ಔಷಧಿ ಹೋಯಿತು.

ರಕ್ತಕ್ಕೆ ನುಗ್ಗುವ ಕೆಲವು ಬ್ಯಾಕ್ಟೀರಿಯಾಗಳನ್ನು ಸೋಸಿ ಹಿಡಿಯುವುದೇ ಆ ಅಂಗ ಎಂದು ವೈದ್ಯೆ ಆಮೇಲೆ ತಿಳಿಸಿದಳು. ಅದಿಲ್ಲದವರಿಗೆ ಬೆಳಗಿನ ಚಳಿಜ್ವರ ಸಂಜೆಯೊಳಗೆ ಜೀವ ತೆಗೆಯಬಹುದಂತೆ. ಅದಕ್ಕೆಂದೇ ಲಸಿಕೆಗಳಿವೆಯಂತೆ. "ಹಾಕಿಸಿದ್ರಾ?" ಎಂದು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದೆ.

ಅಕ್ಕ ಎಂಟು ದಿನ ಕಣ್ಣು ಬಿಟ್ಟೂ ಬಿಡದಂತೆ ಇದ್ದಳು. ಎಡಗಾಲಿನ ಎರಡು ಬೆರಳು ಕಪ್ಪಾದವು, ತೆಗೆಯಬೇಕಾಯಿತು. ಹನ್ನೆರಡನೇ ದಿನ ದಿಂಬಿಗೊರಗಿ ಕುಳಿತು ನನ್ನನ್ನೇ ನೋಡಿದಳು.

"ನೀನೇ ಹೇಳಿದ್ಯಂತೆ ಡಾಕ್ಟ್ರಿಗೆ. ಯಾವಾಗಿಂದ ಗೊತ್ತು?"

"ಹೈಸ್ಕೂಲಿಂದ ಅನುಮಾನ ಇತ್ತು."

"ಕಳ್ಳ! ನಿನ್ನ ಮುಂದೆ ಬಲಗಡೆ ಹೊಟ್ಟೆ ಹಿಡ್ಕೊಂಡು ನಾಟಕ ಆಡಿದ್ದೆಲ್ಲ ದಂಡವಾಯ್ತಲ್ಲೋ." ನಗಲು ಹೋಗಿ ಕೆಮ್ಮಿದಳು. "ಆಪರೇಷನ್ ಆದ್ಮೇಲೆ ದಿನಾ ನುಂಗೋಕೆ ಮಾತ್ರೆ ಕೊಟ್ಟಿದ್ರು. ಯಾಕೆ ಅಂತ ನೀನು ಕೇಳ್ತೀಯ ಅಂತ ಬಿಟ್ಬಿಟ್ಟೆ."

"ನಾನು ಬೀಳಿಸಿದ್ದಕ್ಕೇ ಅಲ್ವಾ ಎಲ್ಲ."

ಹೊರಗೆ ಯಾರೋ ಗಾಲಿಮಂಚ ತಳ್ಳಿಕೊಂಡು ಹೋದರು.

"ಬಿದ್ದಿದ್ದು ನೆನಪಿಲ್ಲ ಕಣೋ," ಎಂದಳು. "ಇಳಿಜಾರಲ್ಲಿ ಇಳಿದಿದ್ದು ನೆನಪಿದೆ. ಗಾಳಿಗೆ ನಿನ್ನ ಅಂಗಿ ಉಬ್ಬಿ ನನ್ನ ಮುಖಕ್ಕೆ ಬಡೀತಿತ್ತು. ಇನ್ನೂ ಜೋರು, ಇನ್ನೂ ಜೋರು ಅಂತ ಕಿರುಚ್ತಿದ್ದೆ ನಾನು."

ಆ ಕೂಗು ನನ್ನ ನೆನಪಿನಲ್ಲಿರಲಿಲ್ಲ. ಇಷ್ಟು ವರ್ಷ ನಾನು ಆ ಕಲ್ಲಿನ ಹತ್ತಿರವೇ ನಿಂತಿದ್ದೆ. ಈಗ ಮೊದಲ ಬಾರಿಗೆ ಆ ಇಳಿಜಾರಿನ ಮೇಲ್ತುದಿ ಕಂಡಿತು.

"ಯಾವ ಅಂಗಿ? ಹಳದೀದಾ?"

"ನೀಲಿ."

"ಹಳದಿ ಅಕ್ಕಾ. ನೀಲಿ ಅಂಗಿ ಆಗ ನನ್ಹತ್ರ ಇರ್ಲೇ ಇಲ್ಲ."

"ಹಿಂದೆ ಕೂತು ಮುಖಕ್ಕೆ ಬಡಿಸ್ಕೊಂಡೋಳು ನಾನೋ ನೀನೋ? ಸುಮ್ನೆ ನೀರು ಕೊಡು."