ರಾಜ್ಯ ಬದಲಿಸಿದ ಮನೆ

ಮೆರಿಟ್ ಹೌಗನ್ ಮಲಗುವುದು ಒರೆಗಾನಿನಲ್ಲಿ, ದುಡಿಯುವುದು ವಾಷಿಂಗ್ಟನ್ ರಾಜ್ಯದಲ್ಲಿ. ರಾಕ್ಸಾನ್ ಟಿಬೆಟ್ಸ್ ಮಲಗುವುದು ವಾಷಿಂಗ್ಟನ್ನಿನಲ್ಲಿ, ದುಡಿಯುವುದು ಒರೆಗಾನಿನಲ್ಲಿ. ನಡುವೆ ಕೊಲಂಬಿಯಾ ನದಿ, ಅದರ ಮೇಲೊಂದು ಸೇತುವೆ. ದೊಡ್ಡ ಹಡಗು ಬಂತೆಂದರೆ ಸೇತುವೆಯ ನಡುಭಾಗ ಮೇಲೇಳುತ್ತದೆ. ಆಗ ಇಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ಕಾರಿನಲ್ಲಿ ಕೂತು ಕಾಯುತ್ತಾರೆ. ಅವಳು ಇವನ ಊರಿಗೆ ಹೊರಟವಳು, ಇವನು ಅವಳ ಊರಿಗೆ.

ಒರೆಗಾನಿನವರು ಸಂಬಳದ ಮೇಲೆ ತೆರಿಗೆ ಹಾಕುತ್ತಾರೆ, ಅಂಗಡಿಯ ಸಾಮಾನಿನ ಮೇಲೆ ಹಾಕುವುದಿಲ್ಲ. ವಾಷಿಂಗ್ಟನ್ನಿನವರು ಸಾಮಾನಿನ ಮೇಲೆ ಹಾಕುತ್ತಾರೆ, ಸಂಬಳ ಮುಟ್ಟುವುದಿಲ್ಲ. ಹಾಗಾಗಿ ವಾಷಿಂಗ್ಟನ್ ದಡದಲ್ಲಿ ಮಲಗಿ, ಅಲ್ಲೇ ದುಡಿದು, ಒರೆಗಾನ್ ದಡದಲ್ಲಿ ಸಾಮಾನು ಕೊಳ್ಳುವವನೇ ಜಾಣ ಎಂದು ಎರಡೂ ಊರಿನವರ ನಂಬಿಕೆ. ಈ ಜಾಣತನದಲ್ಲಿ ಮೆರಿಟ್ ಫೇಲು. ರಾಕ್ಸಾನ್ ಕೂಡ ಅಷ್ಟೆ. ಅವಳು ಒರೆಗಾನ್ ದಡದ ಪೋರ್ಟ್‌ಲ್ಯಾಂಡಿನ ಒಂದು ಅಂಗಡಿಯಲ್ಲಿ ಕಟ್ಟುಹಲ್ಲು ಮಾಡುತ್ತಿದ್ದಳು. ಸಂಬಳ ಅವಳ ಕೈಸೇರುವ ಮೊದಲೇ ಒರೆಗಾನಿನವರು ತಮ್ಮ ತುತ್ತು ಕಚ್ಚಿಕೊಂಡಿರುತ್ತಿದ್ದರು. ಮೆರಿಟ್ ವಾಷಿಂಗ್ಟನ್ ದಡದ ವ್ಯಾಂಕೂವರಿನ ಬಂದರಿನಲ್ಲಿ ಗೋಧಿ ಸಾಗಿಸುವ ಯಂತ್ರದ ಬೆಲ್ಟುಗಳನ್ನು ರಿಪೇರಿ ಮಾಡುವವನು. ಅಲ್ಲಿನ ಯಜಮಾನ ಏನೂ ಮುರಿದುಕೊಳ್ಳದೆ ಇಡೀ ಸಂಬಳ ಕೊಡುತ್ತಿದ್ದ. ಆದರೆ ಮಲಗುವುದು ಒರೆಗಾನಿನಲ್ಲಾದ್ದರಿಂದ ಮೂರು ತಿಂಗಳಿಗೊಮ್ಮೆ ಅವನೇ ಕೈಯಾರೆ ಕಟ್ಟಿ ಬರಬೇಕು. ಅವಳದು ದುಡಿದ ತಪ್ಪಿಗೆ, ಇವನದು ಮಲಗಿದ ತಪ್ಪಿಗೆ.

ಇಬ್ಬರನ್ನೂ ಸೇರಿಸಿದ್ದು ಕೂಡ ತೆರಿಗೆಯೇ. ಒರೆಗಾನಿಗೆ ಸೇರಿದ ಹೇಡನ್ ದ್ವೀಪದ ದೊಡ್ಡ ಅಂಗಡಿಗಳಿಗೆ ವಾಷಿಂಗ್ಟನ್ನಿನವರು ಸೇತುವೆ ದಾಟಿ ಬರುವುದು ವಾರದ ಪದ್ಧತಿ. ರಾಕ್ಸಾನ್ ಅಲ್ಲಿ ಹಾಸಿಗೆಯೊಂದನ್ನು ಕೊಂಡು ಕಾರಿನ ತಲೆಯ ಮೇಲೆ ದಾರದಲ್ಲಿ ಬಿಗಿಯುತ್ತಿದ್ದಳು. ಆ ಗಂಟುಗಳನ್ನು ನೋಡಿ ಮೆರಿಟ್‌ಗೆ ಸಹಿಸಲಾಗಲಿಲ್ಲ.

"ಅಮ್ಮಾ, ಹೀಗೆ ಕಟ್ಟಿದ್ರೆ ಸೇತುವೆ ಮೇಲೆ ಹಾಸಿಗೆ ನಿಮ್ಮನ್ನ ಬಿಟ್ಟು ಹಾರಿಹೋಗತ್ತೆ" ಎಂದ.

"ಹಾರಿಹೋದ್ರೆ ಹೋಗ್ಲಿ, ನನ್ನ ಮೊದಲ್ನೇ ಗಂಡನೂ ಹಾಗೇ ಹೋದ" ಎಂದು ಅವಳು ದಾರವನ್ನು ಅವನ ಕೈಗಿತ್ತಳು.

ರಾಕ್ಸಾನ್ ಯಾರ ದನಿಯನ್ನಾದರೂ ಗಂಟಲಿಗೆ ಇಳಿಸಿಕೊಳ್ಳುವವಳು. ಸೇತುವೆ ಏಳುವಾಗಿನ ಗಂಟೆ, ಹಲ್ಲಿಲ್ಲದೆ ಬಂದು ಹಲ್ಲಿನೊಂದಿಗೆ ಹೋಗುವ ಮುದುಕರು, ಎಲ್ಲ ಅವಳ ಬಾಯಲ್ಲಿ ಇದ್ದರು. ತೆರಿಗೆ ಕಚೇರಿಯ ಫೋನಿನ ಹೆಂಗಸನ್ನಂತೂ ಮೂಗಿನಲ್ಲೇ ಕರೆತರುತ್ತಿದ್ದಳು: "ನಿಮ್ಮ ಕರೆ ನಮಗೆ ಅಮೂಲ್ಯ. ನಿಮ್ಮ ಹಣ ಇನ್ನೂ ಅಮೂಲ್ಯ. ದಯವಿಟ್ಟು ಎರಡನ್ನೂ ಹಿಡಿದುಕೊಂಡಿರಿ." ಮೆರಿಟ್‌ಗೆ ನಕ್ಕು ನಕ್ಕು ಸಾಕಾಗುತ್ತಿತ್ತು. ವರ್ಷ ಕಳೆಯುವುದರೊಳಗೆ, ಇವಳ ದನಿಗಳೆಲ್ಲ ತನ್ನ ಮನೆಯಲ್ಲೇ ಇರಲಿ ಎಂದು ಅವನಿಗೆ ಅನ್ನಿಸಿತು. ಅವಳ ಒಂದು ಕರವನ್ನು ಒರೆಗಾನಿನವರು ಆಗಲೇ ಹಿಡಿದಿದ್ದರು. ಅವನು ಇನ್ನೊಂದನ್ನು ಕೇಳಿದ.

ಅವನ ಮನೆ ತೇಲುಮನೆ. ಹೇಡನ್ ದ್ವೀಪದ ಅಂಚಿನಲ್ಲಿ, ದೇವದಾರು ದಿಮ್ಮಿಗಳ ತೆಪ್ಪದ ಮೇಲೆ ಅವನೇ ಕಟ್ಟಿಕೊಂಡದ್ದು. ಎರಡು ಕೋಣೆ, ಒಂದು ಒಲೆ, ಸುತ್ತ ಜಗಲಿ. ಹಡಗು ಹೋದಾಗ ಮನೆ ಒಮ್ಮೆ ಉಸಿರೆಳೆದುಕೊಂಡು ಬಿಡುತ್ತದೆ. ಆ ಉಸಿರಿಲ್ಲದೆ ಅವನಿಗೆ ನಿದ್ದೆ ಹತ್ತುವುದಿಲ್ಲ. ರಾಕ್ಸಾನಳ ಬಾಡಿಗೆ ಮನೆಯಲ್ಲಿ ಒಮ್ಮೆ ಮಲಗಿ ನೋಡಿದ್ದ. ಹಾಸಿಗೆ ಹೆಣದಂತೆ ಅಲುಗದೆ ಬಿದ್ದಿತ್ತು, ಅವನು ಕಣ್ಣು ಬಿಟ್ಟುಕೊಂಡು ಬಿದ್ದಿದ್ದ.

"ಮದ್ವೆ ಸರಿ, ಒಪ್ಪಿದೆ" ಎಂದಳು ರಾಕ್ಸಾನ್, ಅವನ ಜಗಲಿಯ ಕಂಬ ಹಿಡಿದು. ಅವನ ಮನೆಗೆ ಬಂದಾಗಲೆಲ್ಲ ಅವಳು ಒಳಗೆ ಕೂರದೆ ಜಗಲಿಯಲ್ಲೇ ನಿಲ್ಲುತ್ತಿದ್ದಳು. ಅವನು ಎಂಥ ಅಡುಗೆ ಮಾಡಿದರೂ ಒಣ ಬಿಸ್ಕತ್ತು ಕಡಿದು ಶುಂಠಿ ಚಹಾ ಕುಡಿಯುತ್ತಿದ್ದಳು. "ಆದ್ರೆ ಈ ಮನೇಲಿ ಇರೋದು ಮಾತ್ರ ಆಗಲ್ಲ ಕಣೋ. ಹಗಲಿಡೀ ಒರೆಗಾನ್‌ನೋರ ಲೆಕ್ಕಕ್ಕೆ ದುಡೀತೀನಿ. ರಾತ್ರಿ ಗೊರಕೆನೂ ಅವರ ಲೆಕ್ಕಕ್ಕೇ ಹೊಡೀಬೇಕಾ? ನೀನೂ ಅಷ್ಟೆ. ಬರೀ ಇಲ್ಲಿ ಮಲಗೋ ತಪ್ಪಿಗೆ ಕಟ್ತಿದ್ದೀಯ."

ಮೆರಿಟ್ ಎದುರಾಡಲಿಲ್ಲ. ಆ ಎರಡು ಊರುಗಳಲ್ಲಿ ತೆರಿಗೆಯ ಕಾರಣ ಹೇಳಿದವರನ್ನು ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಮದುವೆ ಮುಂದೆ ಹಾಕಿದರೂ, ಅತ್ತೆಯ ಮನೆಗೆ ಹೋಗದಿದ್ದರೂ 'ತೆರಿಗೆ ತಾಪತ್ರಯ' ಎಂದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ನೆಲದ ಮೇಲೆ ತನಗೆ ನಿದ್ದೆಯಿಲ್ಲ, ಒರೆಗಾನಿನಲ್ಲಿ ಅವಳಿಗೆ ಮನಸ್ಸಿಲ್ಲ. ಹೀಗಾದರೆ ಮದುವೆಯಾದ ಮೇಲೂ ಸೇತುವೆಯ ಆಚೆಗೊಬ್ಬರು ಈಚೆಗೊಬ್ಬರೇ ಎಂದು ಲೆಕ್ಕ ಹಾಕಿ ಕೊರಗಿದ.

ಬಂದರಿನಲ್ಲಿ ಅವನ ಜೊತೆ ಕೆಲಸ ಮಾಡುವ ಲಾನೀ ಡುಗನ್ ಊಟದ ಹೊತ್ತಿಗೆ ಇದನ್ನೆಲ್ಲ ಕೇಳಿದ. ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡೇ ತೀರ್ಪು ಕೊಟ್ಟ.

"ಗುರು, ನಿನ್ನ ಮನೆಗೆ ಅಡಿಪಾಯ ಇದ್ಯಾ?"

"ಇಲ್ಲ."

"ಮತ್ತೆ ಯಾಕೋ ಅಡಿಪಾಯ ಇರೋನ ಥರ ಅಳ್ತೀಯ? ಹಗ್ಗ ಬಿಚ್ಚು. ದೋಣಿಗೆ ಕಟ್ಟು. ಎಳ್ಕೊಂಡು ಈ ದಡಕ್ಕೆ ಬಾ. ಮನೇನೂ ಅದೇ, ಹಾಸಿಗೆನೂ ಅದೇ. ರಾಜ್ಯ ಮಾತ್ರ ಬೇರೆ."

ಮೆರಿಟ್ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ವಾಪಸು ಇಟ್ಟ. ಅದೇ ವಾರ, ಜೂನ್ ತಿಂಗಳ ಒಂದು ಸಂಜೆ, ವಾಷಿಂಗ್ಟನ್ ದಡದಲ್ಲಿ, ಹೊಳೆ ಹರಿದುಹೋಗುವ ಕಡೆ, ಟೀಲ್ ಎಂಬ ಹಿನ್ನೀರಿನಲ್ಲಿ ತೇಲುಮನೆ ಕಟ್ಟಿಹಾಕುವ ಒಂದು ಖಾಲಿ ಕಟ್ಟೆ ನೋಡಿ ಬಂದ. ನೀರು ಅಂಚಿನವರೆಗೆ ತುಳುಕುತ್ತಿತ್ತು, ಬಾತುಗಳು ತೇಲುತ್ತಿದ್ದವು. ಕಟ್ಟೆಯ ಯಜಮಾನ, "ಇಲ್ಲಿ ಬೇಸಿಗೆ ಕೊನೇಲಿ..." ಎಂದು ಏನೋ ಶುರು ಮಾಡಿದ.

"ಇದು ಪೂರ್ತಿ ವಾಷಿಂಗ್ಟನ್ ತಾನೇ?" ಎಂದು ಮೆರಿಟ್ ನಡುವೆ ಬಾಯಿಹಾಕಿದ.

"ಪೂರ್ತಿ. ಇಲ್ಲಿನ ಸೊಳ್ಳೇನೂ ಕೂಡ."

ಸಾಕಿತ್ತು, ಕೈ ಕುಲುಕಿ ಬಂದುಬಿಟ್ಟ. ನದಿಯ ಮೇಲೆ ಅರ್ಧ ಆಯುಷ್ಯ ಕಳೆದವನು ಗಡಿ ನೋಡಿದ, ಆಳ ನೋಡಲಿಲ್ಲ.

ರಾಕ್ಸಾನಳಿಗೆ ಹೇಳಲಿಲ್ಲ. ಬೇಸಿಗೆ ಮುಗಿಯುವ ಸೆಪ್ಟೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ತಿಂಡಿಗೆ ಕರೆದ. ಅವಳು ಬಿಸ್ಕತ್ತಿನ ಪೊಟ್ಟಣದ ಜೊತೆಯೇ ಬಂದಳು. ಬಂದು ನೋಡಿದರೆ ನೀರಿನ ಕೊಳವೆ ಬಿಚ್ಚಿದೆ, ಕರೆಂಟಿನ ತಂತಿ ಸುತ್ತಿಟ್ಟಿದೆ, ಜಗಲಿಯ ಮುಂದೆ ಗಿಡ್ಡ ಎಳೆದೋಣಿಯೊಂದು ಗುರುಗುಟ್ಟುತ್ತಿದೆ. ಅದರ ಮೇಲೆ ಕ್ಯಾಪ್ಟನ್ ಬೆವ್ ಕೋವಿಟ್ಸ್ ಎಂಬ ದಪ್ಪ ಹೆಂಗಸು ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆಯನ್ನು ನದಿಗೆ ಉಗಿಯುತ್ತಿದ್ದಳು.

"ಏನಿದು?" ಎಂದಳು ರಾಕ್ಸಾನ್.

"ಮನೇನ ನಿನ್ನ ರಾಜ್ಯಕ್ಕೆ ತರ್ತಿದ್ದೀನಿ" ಎಂದ ಮೆರಿಟ್. ಬೇರೇನೋ ಚೆನ್ನಾಗಿ ಹೇಳಬೇಕೆಂದು ವಾರವಿಡೀ ಕಲಿತಿದ್ದ, ಮರೆತುಹೋಗಿತ್ತು.

ರಾಕ್ಸಾನ್ ಎರಡು ಕೈಯಲ್ಲೂ ಜಗಲಿಯ ಕಂಬ ಹಿಡಿದಳು. ಸಂತೋಷಕ್ಕೆ ಹೀಗಾಗುತ್ತದೆ ಎಂದುಕೊಂಡ.

ಹಗ್ಗ ಬಿಗಿಯಾಯಿತು. ಮನೆ ದಡ ಬಿಟ್ಟಿತು. ಮನೆಯವನಿಗೆ ಮನೆಯೊಳಗೆ ನಿಂತು ಊರು ಸರಿಯುವುದನ್ನು ನೋಡುವುದು ವಿಚಿತ್ರವೆನಿಸಿತು. ಅಡುಗೆಮನೆಯ ಕಿಟಕಿಯಲ್ಲಿ ಇಷ್ಟು ವರ್ಷ ನಿಂತೇ ಇದ್ದ ನೆರೆಯವನ ದೋಣಿ ಮೆಲ್ಲಗೆ ಚೌಕಟ್ಟಿನಿಂದ ಆಚೆ ಹೋಯಿತು. ಸ್ವಲ್ಪ ಹೊತ್ತಿಗೆ ಬೆವ್ ಧ್ವನಿವರ್ಧಕ ಹಿಡಿದು ಕೂಗಿದಳು: "ನಡುನೀರು. ಒಲೆ ಇನ್ನೂ ಒರೆಗಾನಲ್ಲಿದೆ, ಮಂಚ ವಾಷಿಂಗ್ಟನ್‌ಗೆ ಬಂತು."

ಅಷ್ಟರಲ್ಲಿ ಹೊಳೆಯ ಮೇಲ್ಗಡೆಯಿಂದ ಗೋಧಿ ತುಂಬಿದ ಹಡಗೊಂದು ಬಂತು. ಅದು ಹಾಯುವವರೆಗೆ ಬೆವ್ ದೋಣಿ ನಿಧಾನಿಸಿದಳು. ಹಡಗು ದಾಟಿತು, ಹಿಂದೆಯೇ ಅಲೆ ಬಂತು. ಮನೆ ಉಸಿರೆಳೆದುಕೊಂಡಿತು, ಬಿಟ್ಟಿತು, ಮತ್ತೆ ಎಳೆದುಕೊಂಡಿತು. ಬೀರುವಿನ ಬಟ್ಟಲುಗಳು ಒಂದಕ್ಕೊಂದು ಹಲ್ಲು ಕಡಿದವು. ಮೆರಿಟ್ ಸುಖವಾಗಿ ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ರಾಕ್ಸಾನ್ ಕಂಬದ ಬಳಿ ಇರಲಿಲ್ಲ.

ಅವಳು ಜಗಲಿಯ ಕಟಕಟೆಗೆ ಹೊಟ್ಟೆ ಒತ್ತಿಕೊಂಡು ನದಿಗೆ ಬಾಗಿದ್ದಳು. ತಿಂದದ್ದೆಲ್ಲ ನೀರಿಗೆ ಹೋಯಿತು. ಮೆರಿಟ್ ಅವಳ ಕೂದಲು ಹಿಡಿದು ಬೆನ್ನು ಸವರುತ್ತ ನಿಂತ.

"ಅದು ಒರೆಗಾನ್ ಕಡೆಗೆ ಬಿತ್ತು" ಎಂದು ಧ್ವನಿವರ್ಧಕ ವರದಿ ಕೊಟ್ಟಿತು.

ರಾಕ್ಸಾನ್ ಬಾಯಿ ಒರೆಸಿಕೊಂಡಳು. "ಇದನ್ನೂ ಅವರೇ ಹಿಡ್ಕೊಂಡ್ರಾ" ಎಂದಳು. ಮುಖ ಬಿಳಿಚಿ ಸುಣ್ಣವಾಗಿತ್ತು. "ಮೆರಿಟ್, ಒಂದು ಹೇಳ್ತೀನಿ, ಬೈಬೇಡ."

"ಹೇಳು."

"ತೆರಿಗೆ ಅಂದಿದ್ದು ಸುಳ್ಳು. ಅಂದ್ರೆ ಪೂರ್ತಿ ಸುಳ್ಳಲ್ಲ. ಆದ್ರೆ ನಾನು ಈ ಮನೇಗೆ ಬರಲ್ಲ ಅಂದಿದ್ದು ಅದಕ್ಕಲ್ಲ. ನಿನ್ನ ಮನೇಲಿ ಕಾಲಿಟ್ಟ ದಿನದಿಂದ ನನ್ನ ಹೊಟ್ಟೆ ನನ್ನ ಜೊತೆ ಇಲ್ಲ. ನೀನು ಸ್ವಂತ ಕೈಯಲ್ಲಿ ಕಟ್ಟಿದ ಮನೆ, ಅದ್ರಲ್ಲಿ ನಂಗೆ ವಾಂತಿ ಬರತ್ತೆ ಅಂತ ಹೇಗೆ ಹೇಳ್ಲಿ? ತೆರಿಗೆ ಅಂದ್ಬಿಟ್ರೆ ಯಾರೂ ಕೇಳಲ್ಲ ಅಂತ ಹಾಗಂದೆ. ನೀನು ಹೋಗಿ ಹೋಗಿ ಮನೆನೇ ಎಳ್ಕೊಂಡು ಬರ್ತೀಯ ಅಂತ ನಂಗೇನು ಗೊತ್ತು?"

ಅವಳು ಅಂಜಿದ್ದು ತೆರಿಗೆಗಲ್ಲ, ತೆರೆಗೆ. ಮೆರಿಟ್ ಅವಳ ಬೆನ್ನ ಮೇಲಿನ ಕೈ ತೆಗೆಯಲಿಲ್ಲ. ಆದರೆ ಒಳಗೆ ಏನೋ ಹಗ್ಗ ಬಿಚ್ಚಿಕೊಂಡಂತಾಯಿತು. ಯಾವ ದಡಕ್ಕೆ ಎಳೆದರೂ ಮನೆ ಮನೆಯೇ, ನೀರು ನೀರೇ.

"ವಾಪಸು ತಿರುಗಿಸೋಣವಾ?" ಎಂದು ಕೇಳಿದ.

"ತಿರುಗಿಸಿದ್ರೆ ಅಷ್ಟೇ ದೂರ ಮತ್ತೆ ಅಲುಗಾಡ್ಬೇಕು" ಎಂದಳು ರಾಕ್ಸಾನ್. "ಮುಂದೆ ನಡಿ."

ಟೀಲ್ ಹಿನ್ನೀರಿನ ಬಾಯಿಗೆ ಬರುವಷ್ಟರಲ್ಲಿ ಬೆವ್ ಬೀಜ ಅಗಿಯುವುದನ್ನು ನಿಲ್ಲಿಸಿದಳು. ಜೂನ್ ತಿಂಗಳಲ್ಲಿ ಅಂಚಿಗೆ ತುಳುಕುತ್ತಿದ್ದ ನೀರು ಈಗ ಎಲ್ಲೋ ಕೆಳಗೆ ಇಳಿದಿತ್ತು. ಬಾತುಗಳು ತೇಲುತ್ತಿರಲಿಲ್ಲ, ನಡೆಯುತ್ತಿದ್ದವು.

"ಏನಪ್ಪಾ ಹೌಗನ್, ಈ ಜಾಗ ನೋಡೋಕೆ ಯಾವಾಗ ಬಂದಿದ್ದೆ?"

"ಜೂನ್‌ನಲ್ಲಿ."

"ಮಂಜು ಕರಗಿ ಹೊಳೆ ಉಬ್ಬಿರೋವಾಗ ಬಂದು ಆಳ ನೋಡ್ದೆ ಅನ್ನು. ಮದುವೆ ದಿನ ಹುಡುಗಿ ನೋಡ್ದಂಗೆ."

ಕಡಲಿನ ಭರತದಿಂದ ಹೊಳೆಯ ನೀರೂ ಕೊಂಚ ಏರಿದ್ದ ಹೊತ್ತಾದ್ದರಿಂದ ಹೇಗೋ ನೂಕಿ, ತಿರುಗಿಸಿ, ಬೈದು, ಬೆವ್ ಮನೆಯನ್ನು ಕಟ್ಟೆಗೆ ಸೇರಿಸಿದಳು. ಮೆರಿಟ್ ಹಗ್ಗ ಬಿಗಿದ. ಕೊಳವೆ ಕೂಡಿಸಿದ. ಎಳೆದೋಣಿ ಹೊರಟುಹೋಯಿತು. ಅವನು ಬಟಾಣಿ ಸೂಪು ಬಿಸಿಗಿಟ್ಟು, ಬೇಡವೆನ್ನುತ್ತಾಳೆಂದು ಗೊತ್ತಿದ್ದರೂ ಎರಡು ಬಟ್ಟಲು ತೆಗೆದ. ಇನ್ನು ಇವಳು ಹೇಡನ್ ದ್ವೀಪದಲ್ಲಿ ಬಿಟ್ಟ ಕಾರಿನ ಬಳಿಗೆ ಬಸ್ಸು ಹಿಡಿದು ಹೋಗುತ್ತಾಳೆ, ವಾರಕ್ಕೊಮ್ಮೆ ಬಿಸ್ಕತ್ತು ಹಿಡಿದು ಬರುತ್ತಾಳೆ, ಜಗಲಿಯಲ್ಲಿ ನಿಲ್ಲುತ್ತಾಳೆ. ಅಷ್ಟೆ.

ಆಗ ಮನೆಯ ಕೆಳಗೆ ಯಾರೋ ದೊಡ್ಡದೊಂದು ಮುತ್ತು ಕೊಟ್ಟಂತೆ ಸದ್ದಾಯಿತು. ಭರತ ಇಳಿದು ದಿಮ್ಮಿಗಳು ಕೆಸರಿನ ಮೇಲೆ ಕೂತಿದ್ದವು. ಮನೆ ಒಂದಿಷ್ಟು ಓರೆಯಾಗಿ ನಿಂತಿತು. ಸೂಪು ಬಟ್ಟಲಿನ ಒಂದು ಕಡೆಗೆ ವಾಲಿ ಅಲ್ಲೇ ನಿಂತಿತು.

ಮೆರಿಟ್ ಕುಕ್ಕರಿಸಿ ನೆಲಕ್ಕೆ ಅಂಗೈ ಒತ್ತಿ ನೋಡಿದ. ಉಸಿರಿಲ್ಲ. ತೇಲುಮನೆಯ ಯಜಮಾನನಿಗೆ ಇದಕ್ಕಿಂತ ನಾಚಿಕೆಯ ವಿಷಯವಿಲ್ಲ.

"ನೆಲ ಕಚ್ಚಿತು" ಎಂದ.

ರಾಕ್ಸಾನ್ ಮೊದಲ ಸಲ ಅವನ ಅಡುಗೆಮನೆಯ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತಿದ್ದಳು. ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಒಂದು ಚಮಚ ಕುಡಿದಳು. ಕಾದಳು. ಇನ್ನೊಂದು ಕುಡಿದಳು. ಬಟ್ಟಲು ಖಾಲಿಯಾದ ಮೇಲೆ ಅವನದನ್ನೂ ಎಳೆದುಕೊಂಡಳು.

"ಸೂಪು ಚೆನ್ನಾಗಿ ಮಾಡ್ತೀಯ. ಇಷ್ಟು ದಿನ ಹೇಳ್ಲೇ ಇಲ್ಲ" ಎಂದಳು. "ಎಲ್ಲಿವರೆಗೆ ಇರತ್ತೆ ಈ ಕೆಸರು?"

"ಭರತ ಬಂದ್ರೆ ಚೂರು ಏಳತ್ತೇನೋ. ಸರಿಯಾಗಿ ತೇಲೋದು ಹೊಳೆ ತುಂಬಿದ್ಮೇಲೇನೇ. ಆದ್ರೆ ಇಲ್ಲಿಗೆ ಹಡಗಿನ ಅಲೆ ಬರಲ್ಲ. ಬೇರೊಂದು ದ್ವೀಪ ಅಡ್ಡ ಇದೆ." ಹೇಳುತ್ತಿದ್ದಂತೆ ಇದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಅವನಿಗೆ ಗೊತ್ತಾಗಲಿಲ್ಲ.

ರಾಕ್ಸಾನ್ ಮೂಗು ಹಿಡಿದು ತೆರಿಗೆ ಕಚೇರಿಯ ಹೆಂಗಸನ್ನು ಕರೆತಂದಳು. "ಗಮನಿಸಿ. ಅರ್ಜಿದಾರಳು ಕೆಸರಿರುವ ತಿಂಗಳುಗಳಲ್ಲಿ ಈ ಮನೆಯ ಕಾಯಂ ನಿವಾಸಿ. ನೀರಿರುವ ತಿಂಗಳುಗಳ ವಿಚಾರ ಆಮೇಲೆ ತಿಳಿಸಲಾಗುವುದು. ಅರ್ಜಿದಾರಳ ಹಾಸಿಗೆಯನ್ನು ಸೋಮವಾರ ತರತಕ್ಕದ್ದು. ಗಂಟು ಮಾತ್ರ ಮೆರಿಟ್ ಕಟ್ಟತಕ್ಕದ್ದು."

ಮೆರಿಟ್ ನಗಬೇಕೆಂದುಕೊಂಡ. ಆಗಲಿಲ್ಲ. ಕಿಟಕಿಯ ಕಡೆ ತಿರುಗಿ ಬಾತುಗಳನ್ನು ಎಣಿಸುವವನಂತೆ ನಿಂತ.

ಮಧ್ಯಾಹ್ನ ಇಬ್ಬರೂ ಅಡ್ಡಾದರು. ಓರೆ ನೆಲದಿಂದಾಗಿ ಅವಳು ಅವನ ಮೇಲೆ ಜಾರಿ ಬಂದಿದ್ದಳು. ಅದನ್ನು ಅವನು ಸರಿಪಡಿಸಲು ಹೋಗಲಿಲ್ಲ. ಅವಳಿಗೆ ರೆಪ್ಪೆ ಎಳೆಯುತ್ತಿತ್ತು. ಅವನು ಮಾತ್ರ ಚಾವಣಿ ನೋಡುತ್ತಿದ್ದ. ಹಾಸಿಗೆ ಅಲುಗುತ್ತಿರಲಿಲ್ಲ. ತೆರಿಗೆ ಕಟ್ಟುವುದಿಲ್ಲ, ತೆರೆ ತಟ್ಟುವುದಿಲ್ಲ, ನಿದ್ದೆ ಎಲ್ಲಿಂದ ಬರಬೇಕು?

"ಬರ್ತಿಲ್ವಾ?" ಎಂದಳು, ಕಣ್ಣು ತೆರೆಯದೆ.

"ರೂಢಿ ಆಗತ್ತೆ ಬಿಡು. ನೀನು ಮಲ್ಕೋ."

ಆಮೇಲೆ ಅವಳ ಗಂಟಲಿನಲ್ಲಿ, ಬಹಳ ದೂರದಿಂದ ಬರುವಂತೆ, ಹಡಗಿನ ಕೂಗು ಎದ್ದಿತು. ಅದು ಹೊಳೆಯ ಮೇಲಿನ ತಿರುವಿನಿಂದ ಬಂತು, ಹತ್ತಿರವಾಯಿತು, ಹಾದುಹೋಯಿತು. ಹಿಂದೆಯೇ ತುಟಿಗಳ ನಡುವೆ ಸಣ್ಣಗೆ ಅಲೆ ಬಂತು. ದಿಮ್ಮಿಗೆ ಬಡಿಯಿತು, ಹಿಂಜರಿಯಿತು, ಮತ್ತೆ ಬಡಿಯಿತು. ಬೀರುವಿನ ಬಟ್ಟಲುಗಳ ಕಿಣಿಕಿಣಿಯನ್ನೂ ಅವಳು ಬಿಡಲಿಲ್ಲ. ಅವನ ಭುಜದ ಮೇಲಿದ್ದ ಅವಳ ಕೈ ಅಲೆಗೆ ತಕ್ಕಂತೆ ಒಂಚೂರು ನೂಕುತ್ತಿತ್ತು, ಒಂಚೂರು ಎಳೆಯುತ್ತಿತ್ತು.

ಮೂರನೆಯ ಹಡಗು ಬರುವ ಮೊದಲೇ ಮೆರಿಟ್ ಗೊರಕೆ ಶುರುಮಾಡಿದ, ಪೂರ್ತಿ ವಾಷಿಂಗ್ಟನ್ನಿನ ಲೆಕ್ಕಕ್ಕೆ.