ಗಾಜಿನ ಪೆಟ್ಟಿಗೆಯ ಗಾದೆಗಳು

ಆ ಸೋಮವಾರ ಶಾಲೆಗೆ ಹೊರಟಾಗ ನಮ್ಮೂರ ಪುಟ್ಟ ಚರ್ಚು ಚಾಪೆಲಿನ ಗೋಡೆಯಲ್ಲಿ ವಾರಕ್ಕೊಂದು ಗಾದೆ ಹಚ್ಚುವ ಗಾಜಿನ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಬಾರದು ಎಂದುಕೊಂಡಿದ್ದೆ. ನೋಡಿದೆ. ಹೊಸ ಹಾಳೆ ಬಂದಿತ್ತು. ಬಿಳಿಯ ಮೇಲೆ ದಪ್ಪ ಕೆಂಪಕ್ಷರ, ಬಸ್ಸಿನಲ್ಲಿ ಕೂತವರಿಗೂ ಕಾಣುವಷ್ಟು. ಈ ವಾರದ ಗಾದೆಯ ಅರ್ಥ ಇಷ್ಟು: ಎಷ್ಟೇ ಮುಚ್ಚಿಟ್ಟರೂ ಮಾಡಿದ ಕೇಡು ಒಂದು ದಿನ ಹೊರಗೆ ಬರುತ್ತದೆ.

ಗಾದೆಯ ಅರ್ಥ ಹೇಳಿಕೊಡುವುದು ನನ್ನ ಉದ್ಯೋಗ. ಬೆಕ್‌ಲಾ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಹನ್ನೊಂದರ ವಯಸ್ಸಿನ ಮಕ್ಕಳಿಗೆ ಒಂದೇ ಹಾಳೆ ಹಂಚುತ್ತಿದ್ದೇನೆ. ಎಡಗಡೆ ಗಾದೆ, ಬಲಗಡೆ ಅರ್ಥ ಬರೆಯಲು ಖಾಲಿ ಗೆರೆ. ಒಮ್ಮೆ ಒಬ್ಬ ಹುಡುಗಿ ಬಲಗಡೆ ಹೀಗೆ ಬರೆದಿದ್ದಳು: ‘ನಮ್ಮಪ್ಪ ಎರಡನೇ ಸಲ ಬಡಿಸಿಕೊಳ್ಳುವಾಗ ಅಜ್ಜಿ ಇದನ್ನು ಹೇಳ್ತಾಳೆ.’ ಅವಳಿಗೆ ಸೊನ್ನೆ ಕೊಟ್ಟಿದ್ದೆ. ಇಡೀ ತರಗತಿಯಲ್ಲಿ ಅರ್ಥ ತಿಳಿದಿದ್ದವಳು ಬಹುಶಃ ಅವಳೊಬ್ಬಳೇ. ನಮ್ಮ ಕಡೆ ಜನ ಮುಖಕ್ಕೆ ನೇರವಾಗಿ ಏನನ್ನೂ ಹೇಳುವುದಿಲ್ಲ. ಎದುರಿಗೊಬ್ಬರು ಕೂತಿರುವಾಗ ಗೋಡೆ ನೋಡುತ್ತ ಒಂದು ಗಾದೆ ಹೇಳಿ, ಚಹಾ ಕುಡಿಯುತ್ತಾರೆ. ಯಾರಿಗೆ ತಾಗಬೇಕೋ ಅವರಿಗೆ ತಾಗುತ್ತದೆ.

ನನಗೆ ತಾಗಿತ್ತು. ಅದಕ್ಕೆ ಆರು ದಿನ ಹಿಂದೆ, ಮಂಗಳವಾರ, ನಾರ್ಮನ್ ಸ್ಟಾಬರ್ಟನ ಲೀಕ್ ಗಿಡಗಳನ್ನು ಯಾರೋ ಸೀಳಿ ಹಾಕಿದ್ದರು.

ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ನಮ್ಮೂರ ಗಂಡಸರಿಗೆ ಉಳಿದಿರುವುದು ಲೀಕ್ ಒಂದೇ. ರೈಲು ಹಳಿಯ ಆಚೆ ಸಾಲಾಗಿ ಎಲ್ಲರ ತೋಟದ ತುಂಡುಗಳು. ಒಬ್ಬೊಬ್ಬನಿಗೆ ಒಂದೊಂದು ಮಡಿ, ಹೆಂಡತಿಗೂ ಹೇಳದ ಒಂದೊಂದು ಗೊಬ್ಬರದ ನೀರು. ಈರುಳ್ಳಿಯ ಬಂಧುವಾದ ಆ ಬಿಳಿ ದಂಟು ಗಂಡಸಿನ ತೋಳಿನಷ್ಟು ದಪ್ಪವಾಗಬೇಕು. ಸೆಪ್ಟೆಂಬರಿನ ಪ್ರದರ್ಶನದಲ್ಲಿ ಲೀಕ್ ಕ್ಲಬ್ಬಿನ ಮೇಜಿನ ಮೇಲೆ ಅಳೆಸಿಕೊಳ್ಳಬೇಕು. ನಾಲ್ಕು ವರ್ಷದಿಂದ ಮೊದಲ ಬಹುಮಾನ ನಾರ್ಮನನದು. ಹೋದ ವರ್ಷ ನನ್ನ ಗಂಡ ಕತ್‌ಬರ್ಟ್ ಕೂದಲೆಳೆಯಷ್ಟರಲ್ಲಿ ಎರಡನೆಯವನಾಗಿ, ಒಂದು ವಾರ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಇನ್ನೊಬ್ಬನ ಲೀಕಿಗೆ ಚಾಕು ಹಾಕಿದವನನ್ನು ಇಲ್ಲಿ ಯಾರೂ ಕ್ಷಮಿಸುವುದಿಲ್ಲ. ಕ್ಲಬ್ಬಿನಿಂದ ಹೆಸರು ಹೊಡೆಯುತ್ತಾರೆ, ತೋಟ ಕಿತ್ತುಕೊಳ್ಳುತ್ತಾರೆ. ಸತ್ತರೆ ಶವದ ಹಿಂದೆ ನಡೆಯುವವರೂ ಕಡಿಮೆಯಾಗುತ್ತಾರೆ.

ಆ ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಕತ್‌ಬರ್ಟ್ ಹಿತ್ತಲ ನಲ್ಲಿಯ ಕೆಳಗೆ ಚಾಕು ತೊಳೆಯುತ್ತಿದ್ದ. ಮೊಣಕಾಲಿನವರೆಗೆ ಪ್ಯಾಂಟು ಒದ್ದೆ. ಆ ಚಾಕು ನಮ್ಮ ಮನೆಯದಾಗಿರಲಿಲ್ಲ. ಒಳಗೆ ಬಂದು, “ಚಹಾ ಆಯ್ತೇನೇ?” ಎಂದ. ಆಗಿದೆ ಎಂದೆ. ಅಷ್ಟೇ. ಒಂಬತ್ತು ಗಂಟೆಗೆ ಊರಿಡೀ ಸುದ್ದಿ.

ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತಿತ್ತು.

ಗಾಜಿನ ಪೆಟ್ಟಿಗೆಯ ಬೀಗದ ಕೈ ಇರುವುದು ನೋರಾ ಹೆಸ್ಲಪ್ ಬಳಿ. ನೋರಾ ಚಾಪೆಲಿನ ಹಿರಿಯಳು, ವಿಧವೆ. ನಾರ್ಮನನ ಖಾಸಾ ಅಕ್ಕ. ಅವಳ ಮನೆಯ ಮಹಡಿಯ ಕಿಟಕಿಗೆ ನಮ್ಮ ಹಿತ್ತಲ ನಲ್ಲಿ ಕಾಣುತ್ತದೆಯೇ? ಎರಡು ಸಂಜೆ ನಲ್ಲಿಯ ಪಕ್ಕ ನಿಂತು ಲೆಕ್ಕ ಹಾಕಿದೆ. ನಡುವೆ ನಿಂತ ಎಲ್ಡರ್ ಗಿಡದ ಎಲೆ ಉದುರಿದ್ದರೆ ಕಾಣುತ್ತದೆ. ಎಲೆ ಇನ್ನೂ ಉದುರಿರಲಿಲ್ಲ. ಆದರೂ ಎಲೆಗಳ ನಡುವೆ ಸಂದು ಇತ್ತು.

ಶನಿವಾರ ಮಾಂಸದಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು.

“ಒಳಗಿನವರದೇ ಕೈವಾಡ ಕಣೇ. ಹೊರಗಿನವನಿಗೆ ನಾರ್ಮನ್ ಮಡಿ ಯಾವುದು ಅಂತ ಹೇಗೆ ಗೊತ್ತಾಗ್ಬೇಕು?”

“ಎರಡನೇ ಬಹುಮಾನ ತಗೊಂಡು ತಗೊಂಡು ಸಾಕಾದವರು ಇರ್ತಾರಪ್ಪ.”

ಆಮೇಲೆ ಒಬ್ಬಳು ತಿರುಗಿ ನನ್ನನ್ನು ನೋಡಿದಳು. “ಅಯ್ಯೋ, ಮಾರ್ಜರಿ, ನೀನಿದ್ದೀಯಾ! ಸಾಸೇಜು ಇವತ್ತು ಚೆನ್ನಾಗಿದೆ ನೋಡು.”

ಸಾಸೇಜು ತೆಗೆದುಕೊಂಡೆ. ಕತ್‌ಬರ್ಟ್ ಎರಡು ತಿಂದ, ಮೂರನೆಯದನ್ನು ತಟ್ಟೆಯಲ್ಲಿ ಆಚೀಚೆ ತಳ್ಳಿದ. ಅಪರಾಧಿಗಳು ಹೀಗೇ ಉಣ್ಣುತ್ತಾರೆಯೇ ಎಂದು ನೋಡುತ್ತ ಕೂತೆ.

ಮುಂದಿನ ಸೋಮವಾರ, ಪ್ರದರ್ಶನಕ್ಕೆ ಐದು ದಿನ ಇರುವಾಗ, ಪೆಟ್ಟಿಗೆಯಲ್ಲಿ ಮತ್ತೊಂದು ಹಾಳೆ. ಅದರ ಅರ್ಥ: ಎಂಥವರೋ ಅಂಥವರ ಜೊತೆಗೇ ಸೇರುತ್ತಾರೆ. ಇದು ಗಂಡನಿಗಲ್ಲ, ನೇರ ನನಗೆ. ಮೊದಲ ವಾರ ಅವನಿಗೆ, ಎರಡನೇ ವಾರ ಹೆಂಡತಿಗೆ, ಮೂರನೇ ವಾರ ಹೆಸರನ್ನೇ ಬರೆಯುತ್ತಾಳೆ ಎನ್ನಿಸಿತು. ಅವತ್ತು ಶಾಲೆ ಬಿಟ್ಟವಳು ಮನೆಗೆ ಹೋಗದೆ ನೋರಾಳ ಬಾಗಿಲು ತಟ್ಟಿದೆ.

“ಬಾಮ್ಮ, ಬಾ. ಕಾಲು ಒರೆಸ್ಕೊ. ನೆಲ ಈಗಷ್ಟೇ ಸಾರಿಸಿದ್ದೀನಿ.”

ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಒಟ್ಟಿಗೆ ಬಾಯಿಗೆ ಬಂದವು. “ನೋರಾ, ಆ ಹಾಳೆ ತೆಗೆದುಬಿಡಿ. ನೀವು ಕಿಟಕಿಯಿಂದ ಏನು ನೋಡಿದ್ದೀರೋ ನನಗೆ ಗೊತ್ತಿಲ್ಲ. ಕತ್‌ಬರ್ಟ್ ಚಾಕು ತೊಳೆದಿದ್ದು ನಿಜ. ಆದ್ರೆ ಅವನೇ ಸೀಳಿದ್ದು ಅಂತ ಇನ್ನೂ ಯಾರೂ ಸಾಬೀತು ಮಾಡಿಲ್ಲ. ಬೀದಿಗೆ ಬೋರ್ಡು ಹಾಕ್ಬೇಡಿ. ಬೈಯೋದಿದ್ರೆ ನನ್ನ ಮುಖಕ್ಕೆ ಬೈಯಿರಿ.”

ನೋರಾ ಚಹಾದ ಕೆಟಲನ್ನು ಮೆಲ್ಲಗೆ ಕೆಳಗಿಟ್ಟಳು. ಒಳಕೋಣೆಗೆ ಹೋಗಿ ಒಂದು ದಪ್ಪ ಕಾಗದದ ಸುರುಳಿ ತಂದು ಮೇಜಿನ ಮೇಲೆ ಬಿಚ್ಚಿದಳು. ಕೆಂಪಕ್ಷರದ ಹಾಳೆಗಳು, ಒಂದರ ಹಿಂದೆ ಒಂದು.

“ಇದು ಲಂಡನ್ನಿಂದ ಬರೋದು ಕಣಮ್ಮ. ಕ್ರಿಸ್‌ಮಸ್‌ಗೆ ಮುಂಚೆ, ವರ್ಷಕ್ಕೆ ಐವತ್ತೆರಡು. ಸೋಮವಾರ ಮೇಲಿನದು ಕಿತ್ತು ಅಂಟಿಸ್ತೀನಿ. ಕನ್ನಡಕ ಇಲ್ದೆ ನನಗೆ ಒಂದಕ್ಷರ ಕಾಣ್ಸಲ್ಲ, ಓದೋಕೂ ಹೋಗಲ್ಲ.” ಸುರುಳಿಯನ್ನು ಮತ್ತೆ ಸುತ್ತತೊಡಗಿದಳು. “ಈ ವರ್ಷ ನೀನು ನಾಲ್ಕನೆಯವಳು. ಮಾಂಸದಂಗಡಿಯವನು ತನ್ನ ತಕ್ಕಡಿ ಬಗ್ಗೆ ಅಂತ ಬಂದ. ಅಂಚೆಯಾಫೀಸಿನ ಹುಡುಗಿ ತನ್ನ ಗಂಡನ ಬಗ್ಗೆ ಅಂತ ಅತ್ಲು. ನಮ್ಮ ಪಾದ್ರಿಗೂ ಒಂದು ಚುಚ್ಚಿತ್ತು, ಯಾಕೋ ಹೇಳ್ಲಿಲ್ಲ.”

ನನಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಅವಳ ಕೈ ನಿಂತಿತು.

“ಯಾವ ಚಾಕು ಅಂದೆ, ಮಾರ್ಜರಿ?”

ಆಡಿದ ಮಾತನ್ನು ನುಂಗಲಾಗುವುದಿಲ್ಲ. ನೋರಾ ಉತ್ತರಕ್ಕೆ ಕಾಯಲೂ ಇಲ್ಲ. ಬಾಗಿಲ ಹಿಂದಿನ ಗೂಟದಿಂದ ಕೋಟು ತೆಗೆದುಕೊಂಡಳು. “ನಾನು ತಮ್ಮನ ಮನೆಗೆ ಹೋಗ್ತಿದ್ದೀನಿ. ನೀನು ಹೊರಡು.”

ನಾನು ಓಡಿದೆ, ಐವತ್ತೊಂದರ ಹೆಂಗಸು, ಶಾಲೆಯ ಚೀಲದೊಂದಿಗೆ, ರೈಲು ಹಳಿ ದಾಟಿ. ಕತ್‌ಬರ್ಟ್ ಮಡಿಯ ಮುಂದೆ ಮಂಡಿಯೂರಿ ಲೀಕಿನ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಎಲ್ಲ ಹೇಳಿದೆ. ಹೇಳುತ್ತ ಅವನ ಮುಖವನ್ನೇ ನೋಡುತ್ತಿದ್ದೆ. ಅವನು ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿದ.

“ಚಾಕು ನಾರ್ಮನ್ನಂದು,” ಎಂದ. “ಅವನ ಲೀಕು ಹೂಗಂಬ ಎದ್ದಿತ್ತು ಕಣೇ. ಹನ್ನೆರಡರಲ್ಲಿ ಒಂಬತ್ತು. ಹೂ ಬಿಡೋಕೆ ಹೊರಟ ಲೀಕನ್ನ ಕ್ಲಬ್ಬಿನ ಮೇಜಿನ ಮೇಲೆ ಇಡೋ ಹಾಗಿಲ್ಲ. ನಾಲ್ಕು ವರ್ಷ ಗೆದ್ದವನು ಐದನೇ ವರ್ಷ ಬರಿಗೈಲಿ ಬಂದ್ರೆ ಜನ ನಗ್ತಾರೆ. ಯಾರೋ ಸೀಳಿದ್ರು ಅಂದ್ರೆ ಅಯ್ಯೋ ಪಾಪ ಅಂತಾರೆ. ಬೆಳಗಿನ ಜಾವ ನೀರು ಹಾಕೋಕೆ ಬಂದೆ, ಅವನೇ ತನ್ನ ಮಡಿಯಲ್ಲಿ ಅಳ್ತಾ ಸೀಳ್ತಿದ್ದ. ಒದ್ದೆ ಹುಲ್ಲಲ್ಲಿ ಓಡಿಹೋಗಿ ಚಾಕು ಕಿತ್ಕೊಂಡೆ. ಯಾರಿಗೂ ಹೇಳ್ಬೇಡ ಮಾರಾಯ ಅಂದ. ಹೇಳಲ್ಲ ಅಂದೆ.”

“ಈಗ ಊರೆಲ್ಲ ನಿನ್ನನ್ನೇ ಅನ್ನುತ್ತೆ. ಹೆಸರು ಹೊಡೀತಾರೆ.”

“ಹೌದಾ?” ಎಂದ, ಹಳಿಯ ಕಡೆ ನೋಡುತ್ತ.

ಅಕ್ಕ ತಮ್ಮ ಇಬ್ಬರೂ ಬರುತ್ತಿದ್ದರು. ನೋರಾ ಮುಂದೆ, ಟೋಪಿ ಸಮೇತ. ನಾರ್ಮನ್ ನಾಲ್ಕು ಹೆಜ್ಜೆ ಹಿಂದೆ, ದೊಡ್ಡ ದೇಹ ಕುಗ್ಗಿಸಿಕೊಂಡು. ಪಕ್ಕದ ತೋಟಗಳಲ್ಲಿ ಬಗ್ಗಿದ್ದವರೆಲ್ಲ ಒಬ್ಬೊಬ್ಬರಾಗಿ ನೆಟ್ಟಗಾದರು.

“ಹೇಳೋ ಕತ್‌ಬರ್ಟ್!” ನೋರಾ ಬೇಲಿಯಾಚೆಯಿಂದಲೇ ಕೂಗಿದಳು. “ನಿನ್ನ ಹೆಂಡ್ತಿನೇ ಒಪ್ಕೊಂಡಿದ್ದಾಳೆ. ನಾಚಿಕೆ ಆಗಲ್ವಾ ನಿನಗೆ? ಒಂದೇ ಗಣಿಗೆ ಇಳಿದವರು ನೀವಿಬ್ರೂ!”

ಕತ್‌ಬರ್ಟ್ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿದ. ನಾರ್ಮನನ ಕಡೆ ನೋಡಲಿಲ್ಲ. ನಾನು ನೋಡಿದೆ. ನನ್ನ ನಾಲಗೆಯ ತುದಿಯಲ್ಲಿ ಇಡೀ ಸತ್ಯವಿತ್ತು. ಕತ್‌ಬರ್ಟನ ಒದ್ದೆ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು.

“ಇವನಲ್ಲ,” ಎಂದ ನಾರ್ಮನ್.

“ಏನು?”

“ಇವನಲ್ಲ ಅಂದೆ, ನೋರಾ.”

“ಹಾಗಾದ್ರೆ ಯಾರು?”

“ಇವನಲ್ಲ. ಅಷ್ಟು ನನಗೆ ಗೊತ್ತು. ನಡಿ ಮನೆಗೆ.” ಅವನ ಕಿವಿಗಳು ಕೆಂಪಾಗಿದ್ದವು. ನೋರಾ ತಮ್ಮನನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಟೋಪಿ ಸರಿಮಾಡಿಕೊಂಡು ತಿರುಗಿ ನಡೆದಳು. ಈ ಸಲ ಅವಳೇ ಹಿಂದೆ ಉಳಿದು, ತಮ್ಮನ ಬೆನ್ನನ್ನು ದಿಟ್ಟಿಸುತ್ತ ಹೋದಳು. ತೋಟದವರು ಮತ್ತೆ ಬಗ್ಗಿದರು. ಯಾರ ಕೈಯೂ ಆಡುತ್ತಿರಲಿಲ್ಲ.

ಕತ್‌ಬರ್ಟನ ಹೆಸರು ಉಳಿಯಿತು ಎಂದು ನಾನು ಉಸಿರು ಬಿಟ್ಟೆ. ಅವನು ನನ್ನ ಮಣಿಕಟ್ಟು ಬಿಟ್ಟ.

“ಹದಿಮೂರು ದಿನ ನನ್ನೆದುರು ಕೂತು ಉಂಡೆಯಲ್ಲೇ,” ಎಂದ. “ಒಂದು ಸಲ ಕೇಳ್ಬಹುದಿತ್ತು.”

“ಕೇಳಿದ್ರೆ ಹೇಳ್ತಿದ್ಯಾ?”

ಯೋಚಿಸಿದ. ಸುಳ್ಳು ಹೇಳುವ ಗಂಡಸಲ್ಲ ಅವನು. ಅದು ನನಗೆ ಆ ಹೊತ್ತಿಗಾದರೂ ನೆನಪಾಗಬೇಕಿತ್ತು.

“ಇಲ್ಲ. ಮಾತು ಕೊಟ್ಟಿದ್ದೆನಲ್ಲ. ಆದ್ರೂ ಕೇಳ್ಬಹುದಿತ್ತು.”

ಮೋಡ ಕವಿಯುತ್ತಿತ್ತು. ಅವನು ಮಡಿಗೆ ಹೊದಿಸುವ ಗೋಣಿಯನ್ನು ಒಬ್ಬನೇ ಬಿಡಿಸತೊಡಗಿದ. ಗಾಳಿಗೆ ಅದು ಎರಡು ಸಲ ಮಡಚಿಕೊಂಡಿತು. ನಾನು ಚೀಲ ಹಿಡಿದು ನಿಂತೇ ಇದ್ದೆ, ಕೈ ಹಾಕಲೋ ಬೇಡವೋ ತಿಳಿಯದೆ.

“ಹಿಡಿಯಲಾ?” ಎಂದು ಕೇಳಿದೆ.

“ಹಿಡಿ,” ಎಂದ.