ಗಾಜಿನ ಕಿಟಕಿಯಲ್ಲಿ ಮಾವನ ನಿದ್ದೆ

ಹಾಸಿಗೆ ಮಾರುವವನಿಗೇ ನಿದ್ದೆ ಬರುವುದಿಲ್ಲ ಎಂದರೆ ಯಾರಾದರೂ ನಗುತ್ತಾರೆ. ಅದಕ್ಕೇ ನನ್ನ ಸೋದರಮಾವ ಆ ಸುದ್ದಿಯನ್ನು ಮೂರು ತಿಂಗಳು ಹೊಟ್ಟೆಯಲ್ಲೇ ಇಟ್ಟುಕೊಂಡು ತಿರುಗಿದ. ಹಗಲೆಲ್ಲ ಅಂಗಡಿಯಲ್ಲಿ "ಮಲಗಿ ನೋಡಿ ಸಾರ್, ಮೋಡದ ಮೇಲೆ ತೇಲಿದ ಹಾಗಿರುತ್ತೆ" ಅನ್ನುವುದು, ಮನೆಗೆ ಬಂದು ಮಗ್ಗುಲು ಬದಲಿಸುತ್ತ ಗೋಡೆಯ ಬಿರುಕಿನಲ್ಲಿ ಆನೆ ಒಂಟೆ ಹುಡುಕುವುದು. ಕಣ್ಣು ಸದಾ ಅರ್ಧ ಮುಚ್ಚಿಯೇ ಇರುತ್ತಿತ್ತು, ಪೂರ್ತಿ ಮಾತ್ರ ಮುಚ್ಚುತ್ತಿರಲಿಲ್ಲ.

ಅದೇ ಅಂಗಡಿಯ ಹಿಂಭಾಗದಲ್ಲಿ, ಪರದೆಯ ಆಚೆ ಕೂತು ನಾನು ದಿಂಬಿನ ಕವರ್ ಹೊಲಿಯುತ್ತೇನೆ. ಅಲ್ಲಿಗೆ ಎಲ್ಲವೂ ಕೇಳಿಸುತ್ತದೆ. ಆ ಸೋಮವಾರ ಯಜಮಾನರು ಹೇಳಿದ್ದೂ ಕೇಳಿಸಿತು.

"ಶನಿವಾರ ಬೆಳಿಗ್ಗೆ ಹತ್ತೂವರೆಗೆ ಗಾಜಿನ ಕಿಟಕೀಲಿ ಹೊಸ ಹಾಸಿಗೆ ಹಾಕ್ತೀನಿ. ನಮ್ಮವನೊಬ್ಬ ಅದರ ಮೇಲೆ ಹನ್ನೆರಡರವರೆಗೂ ಗಡದ್ದಾಗಿ ನಿದ್ದೆ ಹೊಡೀಬೇಕು. ರಸ್ತೇಲಿ ಹೋಗೋರು ನೋಡಿ ಹೊಟ್ಟೆ ಉರ್ಕೋಬೇಕು!" ಆಮೇಲೆ ದನಿ ತಗ್ಗಿಸಿದರು. "ಮುಂದಿನ ತಿಂಗಳಿಂದ ಇಬ್ಬರು ಸೇಲ್ಸ್‌ಮನ್ ಇಟ್ಕೊಳ್ಳೋಕಾಗಲ್ಲ. ಇದನ್ನ ಸರಿಯಾಗಿ ಮಾಡಿದವನು ಉಳೀತಾನೆ."

ಇಬ್ಬರೆಂದರೆ ಮಾವ ಮತ್ತು ಉದ್ದಣ್ಣ. ಉದ್ದಣ್ಣನ ಪಾದಗಳು ಯಾವ ಹಾಸಿಗೆಯಲ್ಲೂ ಗೇಣು ಹೊರಗೇ.

"ನೀನು ಮಲಗಿದ್ರೆ ಹಾಸಿಗೇನೇ ಗಿಡ್ಡ ಅಂತಾರೆ" ಎಂದು ಅವನನ್ನು ತಳ್ಳಿಹಾಕಿದ ಯಜಮಾನರು ಮಾವನ ಕಡೆ ತಿರುಗಿದರು. "ನೀನೇ ಸರಿ. ಮುಖದಲ್ಲೇ ನಿದ್ದೆ ಸುರೀತಿದೆಯಲ್ಲಯ್ಯಾ!"

ಮಾವನಿಗೆ 'ಇಲ್ಲ' ಅನ್ನಲು ಹುಟ್ಟಿದಾಗಿನಿಂದ ಬಂದಿಲ್ಲ. "ಆಗಲಿ ಸಾರ್" ಅಂದ.

ಅಂದೇ ಸಂಜೆ ನನ್ನೆದುರು ಎಲ್ಲ ಬಾಯಿಬಿಟ್ಟ. ಮಾವನೂ ನಾನೂ ಡಾಕ್ಟರಮ್ಮನ ಬಳಿ ಹೋದೆವು. ಅವರು ಎಲ್ಲ ಕೇಳಿಸಿಕೊಂಡು ಮಾತ್ರೆ ಬರೆದುಕೊಟ್ಟು, ಬೆರಳು ಎತ್ತಿ ಹೇಳಿದರು: "ಹಾಸಿಗೆಗೆ ಹೋದಮೇಲೆ ತಗೋಬೇಕು. ಏಳು ಗಂಟೆ ಮಲಗೋಕೆ ಟೈಮ್ ಇರ್ಬೇಕು. ಇನ್ನೊಬ್ಬರಿಗೆ ಕೊಡಕೂಡದು. ಒಬ್ಬೊಬ್ಬರ ಮೈ ಒಂದೊಂದು ಥರ. ವಯಸ್ಸು, ಊಟ, ಬೇರೆ ಔಷಧಿ, ಎಲ್ಲಾ ಲೆಕ್ಕಕ್ಕೆ ಬರುತ್ತೆ. ಏನಾದ್ರೂ ವಿಚಿತ್ರ ಅನ್ನಿಸಿದ್ರೆ ತಕ್ಷಣ ನನಗೆ ಹೇಳ್ಬೇಕು."

"ಹಗಲು ತಗೊಂಡ್ರೆ?" ಎಂದ ಮಾವ.

"ಯಾಕೆ ತಗೋತೀರಿ?"

"ಸುಮ್ನೆ ಕೇಳ್ದೆ ಡಾಕ್ಟರಮ್ಮ."

ಆ ಮಾತ್ರೆ ನಮ್ಮ ಮನೆಗೆ ಹೊಸದಲ್ಲ. ಅಜ್ಜಿಗೆ ಒಂದು ವರ್ಷದಿಂದ ಅರ್ಧ ಮಾತ್ರೆ ನಡೆಯುತ್ತಿತ್ತು. ಮೊದಲೆಲ್ಲ ಅಜ್ಜಿ ಹೊದಿಕೆಯ ಅಂಚು ಸಿಕ್ಕಿಸುತ್ತ ಏಳು ಬಾಗಿಲ ಮನೆಯ ಕಥೆ ಹೇಳಿದರೆ ನಾವು ಮಲಗುತ್ತಿದ್ದೆವು. ದೀಪ ಹಿಡಿದ ಹುಡುಗಿಯೊಬ್ಬಳು ಒಂದೊಂದೇ ಬಾಗಿಲು ದಾಟುತ್ತಾಳೆ, ಒಂದೊಂದು ಬಾಗಿಲಲ್ಲೂ ಕಾವಲುಗಾರ ಏನೋ ಕೇಳುತ್ತಾನೆ. ನಾಲ್ಕನೇ ಬಾಗಿಲಾಚೆ ನಮ್ಮ ಮನೆಯಲ್ಲಿ ಯಾರೂ ಎಚ್ಚರವಾಗಿ ಹೋದವರಿಲ್ಲ. ಈಗ ಅಜ್ಜಿಯೇ ಮೊದಲ ಬಾಗಿಲಿನ ಚಿಲಕ ತೆಗೆಯುವಷ್ಟರಲ್ಲಿ ಗೊರಕೆ. ಕೈಯಲ್ಲಿನ ನೀರಿನ ಲೋಟ ನಾವು ಬಿಡಿಸಿಕೊಳ್ಳಬೇಕು.

"ಈ ಮಾತ್ರೆಗೆ ನನ್ನ ಕಥೆ ಕಂಡ್ರೆ ಹೊಟ್ಟೆಕಿಚ್ಚು ಕಣೇ" ಅನ್ನುತ್ತಾಳೆ ಬೆಳಿಗ್ಗೆ ಎದ್ದು.

ಮಂಗಳವಾರ ಮಾವ ತನ್ನ ಮೊದಲ ಮಾತ್ರೆ ನುಂಗಿ ಮಲಗಿದ. ಬುಧವಾರ ಬೆಳಿಗ್ಗೆ ನಾನು ಏಳಲು ಹೋದರೆ ಏಳಲಾಗಲಿಲ್ಲ. ಹೊದಿಕೆಯನ್ನು ಗಲ್ಲದವರೆಗೆ ಎಳೆದು, ಅಂಚುಗಳನ್ನು ಅಂಗಡಿಯಲ್ಲಿ ಮಡಚುವ ಹಾಗೆಯೇ ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಲಾಗಿತ್ತು. ಅಮ್ಮನೂ ಹಾಗೆಯೇ ಪೊಟ್ಟಣವಾಗಿದ್ದಳು. ಅಡುಗೆಮನೆಯಲ್ಲಿ ಚಹಾದ ಕೆಟಲು ದಿಂಬಿಗೆ ತಲೆಯಿಟ್ಟು, ಟವೆಲ್ ಹೊದ್ದು ಮಲಗಿತ್ತು.

"ನಾನಾ? ನಾನು ಕಲ್ಲಿನ ಹಾಗೆ ಮಲಗಿದ್ದೆ!" ಎಂದ ಮಾವ. ಒಂದೂ ನೆನಪಿರಲಿಲ್ಲ.

ಡಾಕ್ಟರಮ್ಮನಿಗೆ ಅಂದೇ ಹೇಳಬೇಕಿತ್ತು. ಆದರೆ ಮಾವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತ್ತು. ಒಂದು ಕೆಟಲು ಮಲಗಿದ್ದಕ್ಕೆ ಅದನ್ನು ಅಳಿಸುವುದೇ ಎಂದು ನಾನೇ ಸುಮ್ಮನಾದೆ.

ಶುಕ್ರವಾರ ಮಾವ ನನ್ನ ಬಳಿ ಕೂತು ಮಾತ್ರೆ ಎಣಿಸುತ್ತಿದ್ದಾಗ ಉದ್ದಣ್ಣ ಪರದೆಯೊಳಗೆ ಬಗ್ಗಿ ಬಂದ. "ಅಣ್ಣಾ, ಕೆಲಸ ಹೋಗುತ್ತೆ ಅಂತ ನನಗೂ ನಿದ್ದೆ ಹತ್ತುತ್ತಿಲ್ಲ. ಒಂದು ಮಾತ್ರೆ ಕೊಡ್ತೀಯಾ?"

"ಮಾವ, ಬೇಡ" ಎಂದೆ.

"ಪಾಪ ಕಣೇ" ಎನ್ನುತ್ತ ಮಾವ ಆಗಲೇ ಕೊಟ್ಟಾಗಿತ್ತು. ತನ್ನ ಜಾಗಕ್ಕೇ ಪೈಪೋಟಿಯಲ್ಲಿರುವ ಮನುಷ್ಯನಿಗೆ!

ಶನಿವಾರ ಉದ್ದಣ್ಣ ಗೋಡೆ ಹಿಡಿದುಕೊಂಡು ಬಂದ. ಹಿಂದಿನ ರಾತ್ರಿಯ ಮಾತ್ರೆ ಅವನ ಮೈಯಿಂದ ಇನ್ನೂ ಇಳಿದಿರಲಿಲ್ಲ. ಬೀರುವಿಗೆ ನಮಸ್ಕಾರ ಹೇಳಿ, ಕಂಬಕ್ಕೆ ಒರಗಿದ. ಮಾವ ಮಾತ್ರ ಪಟ್ಟೆಪಟ್ಟೆ ಪೈಜಾಮ ತೊಟ್ಟು, ಹತ್ತು ಗಂಟೆಗೇ ಮಾತ್ರೆ ನುಂಗಿ, ಹತ್ತೂವರೆಗೆ ಕಿಟಕಿಯಲ್ಲಿ ಮಲಗಿದ. ಗಾಜಿನಾಚೆ ಜನ ಸೇರಿದರು. ಯಜಮಾನರು ಕೈ ಉಜ್ಜಿಕೊಂಡರು.

ಐದು ನಿಮಿಷಕ್ಕೆ ಮಾವ ಎದ್ದು ಕೂತ.

ನಾನು ಪರದೆ ಸರಿಸಿ ನೋಡಿದೆ. ಕಣ್ಣು ಅರ್ಧ ತೆರೆದಿತ್ತು, ಆದರೆ ಅದರೊಳಗೆ ಯಾರೂ ಇರಲಿಲ್ಲ. ಕೆಳಗಿಳಿದವನು ಕಂಬದ ಬಳಿಯ ಉದ್ದಣ್ಣನ ಕೈ ಹಿಡಿದು ಕರೆತಂದು, ಕಿಟಕಿಯ ಹಾಸಿಗೆಯಲ್ಲಿ ಮಲಗಿಸಿದ. ಹೊರಚಾಚಿದ ಪಾದಗಳಿಗೆ ಸ್ಟೂಲು ಇಟ್ಟು, ಅದರ ಮೇಲೊಂದು ದಿಂಬಿಟ್ಟು ಹೊದಿಸಿದ. ಆಮೇಲೆ ಗಿರಾಕಿಗಳ ಕಡೆ ತಿರುಗಿದ.

ಒಳಗಿನ ಹಾಸಿಗೆಯೊಂದರ ಅಂಚಿನಲ್ಲಿ ಕೂತಿದ್ದ ದಪ್ಪ ಮೀಸೆಯ ಬಸ್ ಡ್ರೈವರ್‌ನ ಭುಜ ತಟ್ಟಿ "ಮಲ್ಕೋ ಕಂದ" ಎಂದ. ಆ ಮನುಷ್ಯ ಮಲಗಿಯೇಬಿಟ್ಟ! ಶಾಲೆಯ ಟೀಚರಮ್ಮನ ಚೀಲ ಇಸಿದುಕೊಂಡು ಅವರನ್ನೂ ಮಲಗಿಸಿದ. ಹೊದಿಕೆಯ ಅಂಚು ಸಿಕ್ಕಿಸುತ್ತ ಮಂಚದಿಂದ ಮಂಚಕ್ಕೆ ನಡೆಯುತ್ತಿದ್ದವನ ಬಾಯಿಂದ ಹೊರಟಿದ್ದು ಅಜ್ಜಿಯದೇ ರಾಗ: "ಒಂದಾನೊಂದು ಮನೆ, ಅದಕ್ಕೆ ಏಳು ಬಾಗಿಲು..."

ಯಜಮಾನರು ಓಡಿಬಂದರು. "ಏನಯ್ಯಾ ಇದು! ಕಿಟಕಿಗೆ ನಡಿ!"

ಮಾವ ತುಟಿಯ ಮೇಲೆ ಬೆರಳಿಟ್ಟ. "ಗಲಾಟೆ ಮಾಡೋ ಮಕ್ಕಳಿಗೆ ಕಥೆ ಇಲ್ಲ."

ಮೂವತ್ತು ವರ್ಷದಿಂದ ಯಾರ ಮಾತನ್ನೂ ಕೇಳದ ಯಜಮಾನರು ತೆಪ್ಪಗೆ ಶೂ ಬಿಚ್ಚಿದರು. ಮೂರನೇ ಬಾಗಿಲಿಗೆ ಅವರ ಗೊರಕೆ ಶುರುವಾಯಿತು. ನಾಲ್ಕನೆಯದಕ್ಕೆ ನಾನೂ ಹೊಲಿಗೆ ಯಂತ್ರದ ಮೇಲೆ ಹಣೆಯಿಟ್ಟೆ. ಮುಂದಿನದು ನನಗೆ ಗೊತ್ತಿಲ್ಲ.

ಫೋನಿನ ಸದ್ದಿಗೆ ಎಚ್ಚರವಾದಾಗ ಮಧ್ಯಾಹ್ನ ಒಂದು ಗಂಟೆ. ಹಾಸಿಗೆಗಳ ಮೇಲೆ ಒಂಬತ್ತು ಜನ. ಮಾವ ದಿಂಬೊಂದನ್ನು ತಟ್ಟುತ್ತ ನೆಲದ ಮೇಲೆ ಕೂತಿದ್ದ.

"ಅಯ್ಯೋ, ನನ್ನ ಕಿಟಕಿ!" ಎಂದು ಯಜಮಾನರು ಹೊದಿಕೆಯಿಂದ ಬಿಡಿಸಿಕೊಳ್ಳಲಾಗದೆ ಅದರ ಸಮೇತ ಓಡಿದರು. ಅಲ್ಲಿ ಉದ್ದಣ್ಣ ಬಾಯಿ ತೆರೆದು, ಲೋಕವೇ ಬೇಡವೆಂಬಂತೆ ಮಲಗಿದ್ದ. ಗಾಜಿಗೆ ಮೂಗೊತ್ತಿ ಅರ್ಧ ರಸ್ತೆಯಷ್ಟು ಜನ ನಿಂತಿದ್ದರು.

ಡ್ರೈವರ್ ಮೈಮುರಿದ. "ಯಜಮಾನ್ರೇ, ಹಾಸಿಗೆ ಆಮೇಲೆ ನೋಡೋಣ. ಈ ಮನುಷ್ಯನನ್ನ ಮನೆಗೆ ಕಳಿಸ್ತೀರಾ?"

"ನಾನು ಮೊದಲು ಕೇಳ್ಬೇಕು ಅಂತಿದ್ದೆ" ಎಂದರು ಟೀಚರಮ್ಮ.

ಯಜಮಾನರ ಕೋಪ ಅಲ್ಲೇ ಇಳಿಯಿತು. ಗಲಾಟೆಗೆ ಎಚ್ಚೆತ್ತು ಕಣ್ಣುಜ್ಜುತ್ತಿದ್ದ ಮಾವನ ಕಡೆ ತಿರುಗಿದರು. "ಸೋಮವಾರದಿಂದ ದಿನಾ ಹನ್ನೊಂದಕ್ಕೆ ಕಥೆ! ಕಿಟಕೀಲಿ ಉದ್ದಣ್ಣ ಮಲಗ್ಲಿ, ಒಳಗೆ ನೀನು ಮಲಗಿಸು. ನಡೆದ್ರೆ ಇಬ್ಬರೂ ಇರಿ. ನಡೀದಿದ್ರೆ..." ಮುಂದಿನದನ್ನು ಮೀಸೆ ತಿರುವಿ ಹೇಳಿದರು.

ಈ ಸಲ ನಾನೇ ಮಾವನನ್ನು ಕರೆದೊಯ್ದು ಡಾಕ್ಟರಮ್ಮನಿಗೆ ಎಲ್ಲ ಒಪ್ಪಿಸಿದೆ, ಕೆಟಲಿನ ಸಮೇತ. ಅವರು ನಗಲಿಲ್ಲ.

"ನೀವು ಮಾತ್ರೆ ಕೊಟ್ಟ ಆ ಉದ್ದಣ್ಣ ಬಸ್ಸಿನ ಕೆಳಗೆ ಹೋಗಿದ್ರೆ? ನೀವು ನಿದ್ದೇಲಿ ರಸ್ತೆಗೆ ಇಳಿದಿದ್ರೆ?"

ಅವರು ಉಳಿದ ಮಾತ್ರೆ ಇಸಿದುಕೊಂಡು ಮೇಜಿನ ಡ್ರಾಯರಿಗೆ ಹಾಕಿದರು. "ನಿಮ್ಮ ತಾಯಿಗೆ ಇದು ಸರಿಹೋಗಿದೆ, ನಿಮಗಲ್ಲ. ಇನ್ನು ಮುಟ್ಟೋ ಹಾಗಿಲ್ಲ."

"ಆದ್ರೆ ಸೋಮವಾರ ಹನ್ನೊಂದಕ್ಕೆ..."

"ಎಚ್ಚರವಾಗಿದ್ದು ಹೇಳಿ."

"ಎಚ್ಚರವಾಗಿದ್ರೆ ನನಗೆ ಕಥೆ ಹೇಳೋಕೆ ಬರಲ್ಲ ಡಾಕ್ಟರಮ್ಮ" ಎಂದ ಮಾವ. ಅಳುವುದೊಂದು ಬಾಕಿ.

ಸೋಮವಾರ ಆರು ಜನ ಶೂ ಬಿಚ್ಚಿ ಸಾಲಾಗಿ ಮಲಗಿ ಕಾದರು. ಡ್ರೈವರ್ ತನ್ನ ತಮ್ಮನನ್ನೂ ಕರೆತಂದಿದ್ದ. ಮಾವ ಕೆಂಪಗಾಗಿ ನಿಂತು, ಗಂಟಲು ಸರಿಮಾಡಿಕೊಂಡ. "ಈ ಹಾಸಿಗೇಲಿ... ಎಂಟುನೂರು ಸ್ಪ್ರಿಂಗ್ ಇದಾವೆ."

ಡ್ರೈವರ್ ಒಂದು ಕಣ್ಣು ತೆರೆದ. ಯಜಮಾನರ ಕೈ ಮೀಸೆಗೆ ಹೋಯಿತು.

ನನಗೆ ತಡೆಯಲಾಗಲಿಲ್ಲ. ಪರದೆಯಿಂದ ಹೊರಬಂದು ಮಾವನ ಕೈಗೆ ಒಂದು ಹೊದಿಕೆ ತುರುಕಿದೆ. "ಮಾತಾಡ್ಬೇಡ ಮಾವ. ಸುಮ್ನೆ ಅವರ ಕಾಲಿಗೆ ಹೊದಿಸು."

ಮಾವ ಹೊದಿಸಿದ. ಅಂಚು ಹಿಡಿದ, ಮಡಚಿದ, ಹಾಸಿಗೆಯಡಿ ಸಿಕ್ಕಿಸಿದ. ಇನ್ನೊಂದು ಅಂಚು ಹಿಡಿಯುವಷ್ಟರಲ್ಲಿ ಬಾಯಿ ತಾನಾಗಿ ತೆರೆಯಿತು. "ಒಂದಾನೊಂದು ಮನೆ..."

ಎರಡನೇ ಬಾಗಿಲಿಗೆ ಡ್ರೈವರ್, ಮೂರನೆಯದಕ್ಕೆ ಟೀಚರಮ್ಮ. ಯಜಮಾನರು ಎಚ್ಚರವಿರಬೇಕೆಂದು ನಿಂತೇ ಇದ್ದರು, ಆಮೇಲೆ ನಿಂತೇ ಮಲಗಿದರು. ನಾನು ತೊಡೆ ಚಿವುಟಿಕೊಳ್ಳುತ್ತ ನಾಲ್ಕನೆಯದನ್ನೂ ದಾಟಿದೆ. ಮಾವನ ದನಿ ಇಳಿಯುತ್ತ ಬಂತು. ದಿಂಬುಗಳ ರಾಶಿಗೆ ಒರಗಿದ. "ಐದನೇ ಬಾಗಿಲಲ್ಲಿ ಕಾವಲುಗಾರ ಕೇಳ್ತಾನೆ... ಏನಂತ ಕೇಳ್ತಾನೆ ಅಂದ್ರೆ..."

ಕಣ್ಣು ಮುಚ್ಚಿತು. ಪೂರ್ತಿ. ಯಾವ ಮಾತ್ರೆಯೂ ಇಲ್ಲದೆ.

ಆಗ ಕಿಟಕಿಯಲ್ಲಿ ಹಾಸಿಗೆ ಕಿರುಗುಟ್ಟಿತು. ಇಡೀ ಅಂಗಡಿಯಲ್ಲಿ ಮಲಗಲೆಂದೇ ಕೆಲಸಕ್ಕಿದ್ದ ಉದ್ದಣ್ಣ ಕಣ್ಣರಳಿಸಿ ಎದ್ದು ಕೂತಿದ್ದ.

"ಆಮೇಲೆ? ಏನಂತ ಕೇಳ್ದ? ಏಯ್ ಅಣ್ಣಾ!"

"ಶ್!" ಎಂದೆ ನಾನು. "ಮಾವನನ್ನ ಎಬ್ಬಿಸಿದ್ರೆ ನೋಡು, ನಿನ್ನ ಕಾಲಿನ ಸ್ಟೂಲು ಕಿತ್ಕೋತೀನಿ."